ಗುಂಡ್ಯಾಗ, ಥೇಟರಿನ ಎರಡನೇ ಬಾಗಲದಿಂದ

ಲೇ ಗುಂಡ್ಯಾ,

ಫೋನ್ ಎತ್ತಂಗಿಲ್ಲ, ಮೆಸೇಜ್ ಹಾಕಿದ್ರ ಬರೇ ಹೆಬ್ಬಟ್ಟು ಒತ್ತತಿ. ಅದಕ್ಕ ಇಲ್ಲೇ ಎಲ್ಲಾರ ಮುಂದ ಬರಿಯಾಕತ್ತೀನಿ. ಹಸಿರು ಸೈಕಲ್ಲಿನ ಮಾತು ಇಲ್ಲಿ ತೆಗದಿ ಅಂದ್ರ ನೋಡು ಮತ್ತ.

ನೀ ಹೇಳಿದ್ದಿ ಅಂತ ‘ಪಬ್ಲಿಕ್ ಎನಿಮೀಸ್’ ಕಡೀಗೂ ನೋಡಿದೆ. 2009ರ ಪಿಚ್ಚರು, ಈಗ ನೋಡಿದೆ, ನಗು. ಅಮೆರಿಕಾದಾಗ ಬ್ಯಾಂಕ್ ಲೂಟಿ ಮಾಡತಿದ್ದ ಖರೇ ಜಾನ್ ಡಿಲಿಂಜರ್ ಸತ್ತಾಗ ಅವಗ 31 ವರ್ಷ. ಪಿಚ್ಚರಿನಾಗ ಅವನ ಪಾತ್ರ ಮಾಡಿದ ಜಾನಿ ಡೆಪ್ಪಗ ಆಗ 45ರ ಆಸುಪಾಸು. ಚಂದ ಅದಾನ, ಇಲ್ಲ ಅನ್ನಂಗಿಲ್ಲ, ಆದ್ರ ಲೂಟಿ ಮಾಡಾಕ ಬಂದವರಂಗ ಅಲ್ಲ, ಅದ ಬ್ಯಾಂಕಿನಾಗ ಮ್ಯಾನೇಜರ್ ಆಗಿ ರಿಟೈರ್ ಆಗಾಕ ಬಂದವರಂಗ ಕಾಣತಾನ. ಉಳದವರೆಲ್ಲಾ ಟೋಪಿ, ಕೋಟು. ಯಾರು ಕಳ್ಳ, ಯಾರು ಪೊಲೀಸ್, ಅರ್ಧ ಪಿಚ್ಚರು ಹೋದ್ರೂ ಗೊತ್ತಾಗಲಿಲ್ಲ.

ಖರೇ ಸಿಟ್ಟು ಬಂದದ್ದು ಸಾವಿನ ಪಾಳಿ ನೋಡಿ. ಡಿಲಿಂಜರ್ ಸತ್ತದ್ದು 1934ರ ಜುಲೈ 22ಕ್ಕ. ಅವನಂಥಾ ಇನ್ನಿಬ್ಬರು ಬ್ಯಾಂಕ್ ಕಳ್ಳರು ಆಮ್ಯಾಲ ಸತ್ತದ್ದು: ಪ್ರೆಟಿ ಬಾಯ್ ಫ್ಲಾಯ್ಡ್ ಅಕ್ಟೋಬರದಾಗ, ಬೇಬಿ ಫೇಸ್ ನೆಲ್ಸನ್ ನವೆಂಬರದಾಗ. ಪಿಚ್ಚರಿನಾಗ ಇಬ್ಬರನ್ನೂ ಮೊದಲ ಮಲಗಿಸಿಬಿಟ್ಟಾರ. ಹೀರೋ ಕಡೀಗೆ ಸಾಯಬೇಕಲ್ಲ!

ಆಮ್ಯಾಲ ಆ ಕಡೀ ಸೀನು. ಶಿಕಾಗೋದ ಬಯೋಗ್ರಾಫ್ ಥೇಟರಿನಿಂದ ಹೊರಗ ಬರ್ತಾನ, ಗುಂಡು ಬೀಳತಾವ. ಸುಳಿವು ಕೊಟ್ಟಾಕಿ ಆನಾ ಸೇಜ್, ಅವನ ಜೋಡಿನ ಪಿಚ್ಚರ್ ನೋಡಿದಾಕಿ. ‘ಕೆಂಪು ಬಟ್ಟಿಯಾಕಿ’ ಅಂತ ಹೆಸರಾತು, ಉಟ್ಟದ್ದು ಮಾತ್ರ ಕಿತ್ತಳಿ ಲಂಗ. ಥೇಟರ್ ದೀಪದಾಗ ಕೆಂಪು ಕಂಡತಂತ.

ಅಲ್ಲೇ ಪಿಚ್ಚರು ನಿಂದರಿಸಿದೆ.

ಪಿಯುಸಿ ಎರಡನೇ ವರ್ಷ, ಧಾರವಾಡದಿಂದ ಹುಬ್ಬಳ್ಳಿಗೆ ಕದ್ದು ಹೋದ ಮ್ಯಾಟಿನಿ. ಬಿಟ್ಟಾಗ ಬಾಗಲದಾಗ ನಿಮ್ಮ ಕಾಕಾ. ಈ ಕಥಿ ನಿನ್ನ ಲಗ್ನದಾಗೂ ನಾನ ಹೇಳಿ ನಗಿಸೀನಿ: ಕಾಕಾಗ ಹೆಂಗ ಗೊತ್ತಾತೋ ಆ ದೇವರಿಗೇ ಗೊತ್ತು ಅಂತ. ದೇವರಿಗಷ್ಟ ಅಲ್ಲೋ. ಹಿಂದಿನ ದಿನ ಜುಬಿಲಿ ಸರ್ಕಲ್ಲಿನಾಗ ಕಾಕಾ ಸಿಕ್ಕಿದ್ರು, ನಾ ನನ್ನ ಹೆಸರು ಬಿಟ್ಟು ನಿನ್ನದಷ್ಟ ಹೇಳಿದೆ. ಅದಕ್ಕ ನಾ ಎರಡನೇ ಬಾಗಲದಿಂದ ಹೊರಗ ಬಂದದ್ದು. ನಿನಗ ಹೊಡತ ಬಿದ್ದದ್ದು ರಸ್ತೇದ ಆಚೀ ಕಡಿಂದ ನೋಡಿದೆ. ವರ್ಷ ತುಂಬೂದರಾಗ ನಿನ್ನ ಕಾಲೇಜು ಬಿಡಿಸಿ ಗದಗಿನ ಅಂಗಡ್ಯಾಗ ಕುಂದರಿಸಿದ್ರು.

ಹೆದರಿ ಹೇಳಿದ್ದೆ ಅಂತ ಬರಿಯೂದಿತ್ತು. ಅದೂ ಸುಳ್ಳ. ಗಣಿತದಾಗ ನಿನಗ ನನಗಿಂತ ಮಾರ್ಕ್ಸ್ ಜಾಸ್ತಿ ಬಿದ್ದಿದ್ವು.

ಇಷ್ಟು ಬರಿಯೂದಿರಲಿಲ್ಲ. ಇರಲಿ, ಬರದಾತು. ಆನಾ ಸೇಜ್‌ಗ 5,000 ಡಾಲರ್ ಇನಾಮು ಸಿಕ್ಕಿತ್ತು, 1936ರಾಗ ರೊಮೇನಿಯಾಕ್ಕ ಗಡೀಪಾರು ಮಾಡಿದ್ರು. ನನಗ ನಿಮ್ಮ ಕಾಕಾ ಕೊಡಿಸಿದ್ದು ಒಂದು ಪ್ಲೇಟ್ ಗಿರಮಿಟ್. ಮಿರ್ಚಿಗೆ ನಾನ ರೊಕ್ಕ ಕೊಟ್ಟೆ.

ಗಡೀಪಾರು ಮಾಡೂದಿದ್ರ ಗದಗಿಗೇ ಮಾಡು, ಅದಕ್ಕಿಂತ ದೂರ ಆದ್ರ ನನಗ ಬಸ್ಸಿನಾಗ ವಾಂತಿ ಬರತೈತಿ. ಐತವಾರ ಬರ್ತೀನಿ, ಕಿತ್ತಳಿ ಅಂಗಿ ಹಾಕ್ಕೊಂಡು. ಬಸ್ ಸ್ಟ್ಯಾಂಡಿನಾಗ ಗುರುತು ಸಿಗಲಿ.

ನಿನ್ನ
ಅರ್ಧ ಚಹಾ