ಪೊಟ್ಯಾಷಿಯಂ ಆಂಪೂಲ್ ವಾರ್ಡಿನ ಟ್ರೇಯಲ್ಲಿ ಯಾಕಿರಬೇಕು?

ಮಾನ್ಯ ಸಂಪಾದಕರೇ,

ತಪ್ಪು ಇಂಜೆಕ್ಷನ್‌ನಿಂದ ರೋಗಿ ಸತ್ತ ಸುದ್ದಿ ಬಂದಾಗಲೆಲ್ಲ ಕೊನೆಯ ಸಾಲು ಸಾಮಾನ್ಯವಾಗಿ ಒಂದೇ: ನರ್ಸ್ ಅಮಾನತು. ಆ ಔಷಧ ಅಲ್ಲಿಗೆ ಬಂದದ್ದು ಹೇಗೆ, ಅದರ ಪಕ್ಕದಲ್ಲಿ ಏನಿತ್ತು, ಆ ಪಾಳಿಯಲ್ಲಿ ಎಷ್ಟು ಮಂದಿ ಇದ್ದರು ಎಂದು ಕೇಳುವವರು ಕಡಿಮೆ. ಅಮಾನತಾದವರ ಜಾಗಕ್ಕೆ ಮರುದಿನ ಇನ್ನೊಬ್ಬರು ಬರುತ್ತಾರೆ. ಔಷಧದ ಟ್ರೇ ಮಾತ್ರ ಇದ್ದ ಹಾಗೇ ಇರುತ್ತದೆ. ನರ್ಸಿಂಗ್ ಕಲಿಸುವ ನಾವು ಬರೆಯುತ್ತಿರುವುದು ಆ ಟ್ರೇಯ ಬಗ್ಗೆ.

ಪೊಟ್ಯಾಷಿಯಂ ಕ್ಲೋರೈಡ್‌ನ 10 ಮಿಲೀ ಆಂಪೂಲ್‌ನಲ್ಲಿ (ಇಂಜೆಕ್ಷನ್ ಔಷಧದ ಪುಟ್ಟ ಸೀಸೆ) ಶೇ 15ರ ದ್ರಾವಣ ಇರುತ್ತದೆ. ಅಂದರೆ ಒಂದೂವರೆ ಗ್ರಾಂ, ವಾರ್ಡಿನ ಲೆಕ್ಕದಲ್ಲಿ 20 ಎಂಇಕ್ಯು (ಮಿಲಿಈಕ್ವಿವಲೆಂಟ್, ಲವಣ ಅಳೆಯುವ ಮಾನ). ಇದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಂತುಬಿಡಬಹುದು. ಆ್ಯಂಟಿಬಯಾಟಿಕ್ ಪುಡಿ ಕರಗಿಸುವ ನೀರಿನ ಆಂಪೂಲ್ ಕೂಡ 10 ಮಿಲೀಯದೇ, ಒಳಗಿನ ದ್ರವಕ್ಕೂ ಬಣ್ಣವಿಲ್ಲ. ಇವೆರಡನ್ನೂ ಒಂದೇ ಟ್ರೇಯಲ್ಲಿಟ್ಟು ‘ನೋಡಿಕೊಂಡು ಕೊಡಿ’ ಎನ್ನುವವರು ತಮ್ಮ ಹೊಣೆಯನ್ನು ರಾತ್ರಿ ಪಾಳಿಯ ಸಿಸ್ಟರ್ ತಲೆಗೆ ಕಟ್ಟುತ್ತಿದ್ದಾರೆ, ಅಷ್ಟೆ. ಸಾಂದ್ರ ಪೊಟ್ಯಾಷಿಯಂ ಅನ್ನು ಸಾಮಾನ್ಯ ವಾರ್ಡುಗಳಿಂದ ತೆಗೆಯುವಂತೆ ಬ್ರಿಟನ್ 2002ರಲ್ಲೇ ತನ್ನ ಆಸ್ಪತ್ರೆಗಳಿಗೆ ಹೇಳಿತ್ತು. ನಮ್ಮಲ್ಲೂ ಅದು ಫಾರ್ಮಸಿಯಲ್ಲಿರಲಿ. ಐಸಿಯುನಲ್ಲಿ ಬೇಕೇ ಬೇಕೆಂದರೆ ಬೀಗ ಹಾಕಿದ ಬೇರೆ ಪೆಟ್ಟಿಗೆಯಲ್ಲಿಡಲಿ. ಇದಕ್ಕೆ ಬೇಕಾದದ್ದು ಒಂದು ಆದೇಶ, ಒಂದು ಬೀಗ.

ಬೆರೆಸುವಾಗಲೂ ಎಡವಟ್ಟಾಗುತ್ತದೆ. ಹನಿ ಬೀಳುತ್ತಿರುವ ಬಾಟಲಿಗೇ ಪೊಟ್ಯಾಷಿಯಂ ಚುಚ್ಚಿದರೆ, ಭಾರವಾದ್ದರಿಂದ ಅದು ಕೆಳಗಿಳಿದು ಸೆಟ್‌ನ (ಹನಿ ಹೋಗುವ ನಳಿಕೆಯ) ಬಾಯಲ್ಲಿ ನಿಲ್ಲುತ್ತದೆ. ಮೊದಲು ರೋಗಿಯ ಮೈಗೆ ಹೋಗುವುದು ಆ ಗಟ್ಟಿ ದ್ರಾವಣವೇ. ಬಾಟಲಿ ಇಳಿಸಿ, ಬೆರೆಸಿ, ಹತ್ತು ಸಲವಾದರೂ ತಲೆಕೆಳಗು ಮಾಡಿ, ಏನು ಎಷ್ಟು ಬೆರೆಸಿದೆ ಎಂದು ಲೇಬಲ್ ಅಂಟಿಸಿ ಆಮೇಲೆ ತೂಗುಹಾಕಬೇಕು. ಅರ್ಧ ಲೀಟರಿಗೆ ಒಂದು ಆಂಪೂಲ್ ಎಂದರೆ ಲೀಟರಿಗೆ 40 ಎಂಇಕ್ಯು ಆಯಿತು. ಕೈಯ ರಕ್ತನಾಳಕ್ಕೆ ಸಾಮಾನ್ಯವಾಗಿ ಅದೇ ಮಿತಿ. ಮಾನಿಟರ್ ಇಲ್ಲದ ವಾರ್ಡಿನಲ್ಲಿ ವಯಸ್ಕರಿಗೆ ಗಂಟೆಗೆ 10 ಎಂಇಕ್ಯು ದಾಟಬಾರದಾದ್ದರಿಂದ ಆ ಬಾಟಲಿ ಎರಡು ಗಂಟೆಯೊಳಗೆ ಮುಗಿಯಕೂಡದು. 20 ಹನಿಗೆ 1 ಮಿಲೀ ಬೀಳುವ ಸೆಟ್‌ನಲ್ಲಿ ನಿಮಿಷಕ್ಕೆ ಹೆಚ್ಚೆಂದರೆ 83 ಹನಿ. ಹಾಕಿರುವುದು ಐಸೊಲೈಟ್-ಎಂ ಎಂಬ ಲವಣ-ಗ್ಲೂಕೋಸ್ ದ್ರಾವಣ ಆಗಿದ್ದರೆ ಅದರಲ್ಲಿ ಮೊದಲೇ ಲೀಟರಿಗೆ 35 ಎಂಇಕ್ಯು ಪೊಟ್ಯಾಷಿಯಂ ಇರುತ್ತದೆ. ಆರ್ಡರ್ ಬರೆಯುವ ವೈದ್ಯರೂ ಇದನ್ನು ಮರೆಯುವುದುಂಟು.

ಇನ್ನು ರಕ್ತನಾಳದ ಮೂಲಕ ಕೊಡುವ ಆಹಾರ, ಆಸ್ಪತ್ರೆಯ ಮಾತಿನಲ್ಲಿ ಟಿಪಿಎನ್. ಇದನ್ನು ‘ಇನ್ನೊಂದು ಗ್ಲೂಕೋಸ್ ಬಾಟಲಿ’ ಎಂದುಕೊಂಡಲ್ಲೇ ತೊಂದರೆ ಶುರುವಾಗುತ್ತದೆ. ಮೂರು ಕೋಣೆಯ ಚೀಲದಲ್ಲಿ ಗ್ಲೂಕೋಸ್, ಅಮೈನೋ ಆಮ್ಲ, ಕೊಬ್ಬು ಬೇರೆ ಬೇರೆ ಇರುತ್ತವೆ. ಚೀಲವನ್ನು ಮೇಲಿನಿಂದ ಸುರುಳಿ ಸುತ್ತುತ್ತಾ ಒತ್ತಿ ನಡುವಿನ ಸೀಲ್‌ಗಳನ್ನು ಬಿಡಿಸಬೇಕು. ಒಂದು ಸೀಲ್ ಬಿಡದೇ ಉಳಿದರೆ ರೋಗಿಗೆ ಹೋಗುವುದು ಆಹಾರದ ಒಂದು ಭಾಗ ಮಾತ್ರ. ದ್ರಾವಣದ ಸಾಂದ್ರತೆ ಲೀಟರಿಗೆ 900 ಮಿಲಿಆಸ್ಮೋಲ್ ದಾಟಿದ ಚೀಲ ಸೆಂಟ್ರಲ್ ಲೈನ್‌ಗೇ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆಗೆ) ಹೋಗಬೇಕು; ಕೈಗೆ ಹಾಕಿದರೆ ರಕ್ತನಾಳ ಬೆಂದಂತಾಗಿ ಊದಿಕೊಳ್ಳುತ್ತದೆ. ಈ ಅಂಕಿ ಚೀಲದ ಮೇಲೆಯೇ ಅಚ್ಚಾಗಿರುತ್ತದೆ, ಓದಬೇಕಷ್ಟೆ.

ಟಿಪಿಎನ್ ಹೋಗುವ ಲ್ಯೂಮೆನ್‌ನಲ್ಲಿ (ನಳಿಕೆಯೊಳಗಿನ ದಾರಿ) ಬೇರೇನೂ ಹೋಗಬಾರದು. ತ್ರೀ-ವೇ (ನಳಿಕೆಗೆ ಕೂಡಿಸಿದ ಮೂರು ಬಾಯಿಯ ತಿರುಪು) ಖಾಲಿ ಇದೆಯೆಂದು ಅದರಲ್ಲೇ ಸೆಫ್ಟ್ರಿಯಾಕ್ಸೋನ್ ಆ್ಯಂಟಿಬಯಾಟಿಕ್ ತಳ್ಳಿದರೆ, ಟಿಪಿಎನ್‌ನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಹರಳಾಗುತ್ತದೆ. ಅಪಸ್ಮಾರದ ಔಷಧ ಫೆನಿಟೋಯಿನ್ ಗ್ಲೂಕೋಸ್‌ನಲ್ಲೇ ಗಷ್ಟು ಕಟ್ಟುತ್ತದೆ. ಚೀಲಕ್ಕೆ ವಾರ್ಡಿನಲ್ಲಿ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿಸುವುದು ಇನ್ನೂ ಅಪಾಯ. ಅಮೆರಿಕದ ಔಷಧ ನಿಯಂತ್ರಕ ಎಫ್‌ಡಿಎ 1994ರಲ್ಲಿ ಎಚ್ಚರಿಕೆ ಹೊರಡಿಸಿದ್ದು ಇಂಥ ಕ್ಯಾಲ್ಸಿಯಂ ಫಾಸ್ಫೇಟ್ ಹರಳುಗಳು ಶ್ವಾಸಕೋಶ ಸೇರಿ ರೋಗಿಗಳು ಸತ್ತ ಮೇಲೆ. ಕೊಬ್ಬು ಬೆರೆತು ಹಾಲಿನಂತಾದ ಚೀಲದಲ್ಲಿ ಹರಳು ಕಣ್ಣಿಗೆ ಬೀಳುವುದಿಲ್ಲ, 1.2 ಮೈಕ್ರಾನ್ ಫಿಲ್ಟರ್ ಹಾಕುವುದು ಅದಕ್ಕೇ. ಫಿಲ್ಟರ್ ಕಟ್ಟಿಕೊಂಡು ಪಂಪ್ ಅಲಾರಂ ಹೊಡೆದರೆ ಫಿಲ್ಟರ್ ತೆಗೆದೆಸೆದು ಮುಂದುವರಿಸುವುದಲ್ಲ. ಅದು ಕಟ್ಟಿದ್ದೇಕೆ ಎಂದು ಮೊದಲು ನೋಡಬೇಕು. ಮೇಲ್ಮೈಯಲ್ಲಿ ಹಳದಿ ಎಣ್ಣೆ ಬೇರೆಯಾಗಿ ನಿಂತ ಚೀಲವನ್ನಂತೂ ಹಾಕಲೇಬಾರದು.

ಹನಿ ಎಣಿಸಿ ಟಿಪಿಎನ್ ಕೊಡುವುದು ಬೇಡ, ಪಂಪ್ ಬೇಕು. ಎರಡು ಗಂಟೆ ನಿಂತುಹೋಗಿತ್ತೆಂದು ವೇಗ ಹೆಚ್ಚಿಸಿ ಸರಿದೂಗಿಸಿದರೆ ಸಕ್ಕರೆ ಏರುತ್ತದೆ. ಚೀಲ ಥಟ್ಟನೆ ಖಾಲಿಯಾಗಿ ಹೊಸದು ಬಂದಿಲ್ಲದಿದ್ದರೆ ಸಕ್ಕರೆ ಕುಸಿಯಬಹುದು; ಆಗ ಶೇ 10ರ ಡೆಕ್ಸ್‌ಟ್ರೋಸ್ ಅನ್ನು ಅದೇ ವೇಗದಲ್ಲಿ ಓಡಿಸಿ ವೈದ್ಯರಿಗೆ ತಿಳಿಸಬೇಕು. ಚೀಲವನ್ನೂ ಸೆಟ್ಟನ್ನೂ 24 ಗಂಟೆಗೆ ಬದಲಿಸಬೇಕು. ದಿನಗಟ್ಟಲೆ ಉಪವಾಸವಿದ್ದ ರೋಗಿಗೆ ಪೂರ್ತಿ ಪ್ರಮಾಣದಿಂದ ಆರಂಭಿಸಿದರೆ ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಷಿಯಂ, ಮೆಗ್ನೀಷಿಯಂ ಒಟ್ಟಿಗೇ ಇಳಿಯುತ್ತವೆ. ಮೊದಲು ಥಯಾಮಿನ್ (ವಿಟಮಿನ್ ಬಿ1), ಆಮೇಲೆ ನಿಧಾನವಾಗಿ ಆಹಾರ.

ಸಕ್ಕರೆ ಏರಿತೆಂದು ಇನ್ಸುಲಿನ್ ಕೊಡುವಲ್ಲಿ ನಮ್ಮ ದೇಶದ್ದೇ ಒಂದು ಗೊಂದಲ. ಮಿಲೀಗೆ 40 ಯೂನಿಟ್‌ನ ವಯಲ್ (ಔಷಧದ ಸೀಸೆ) ಇದೆ, 100 ಯೂನಿಟ್‌ನದೂ ಇದೆ. ಕೆಂಪು ಮುಚ್ಚಳದ 40ರ ಸಿರಿಂಜ್‌ನಲ್ಲಿ 100ರ ವಯಲ್‌ನಿಂದ ‘10’ರ ಗೆರೆವರೆಗೆ ಎಳೆದರೆ ಕೈಗೆ ಬಂದದ್ದು 25 ಯೂನಿಟ್. ಒಂದು ಆಸ್ಪತ್ರೆಗೆ ಒಂದೇ ಬಗೆಯ ವಯಲ್ ಖರೀದಿಸಿದರೆ ಈ ಲೆಕ್ಕದ ಕಾಟವೇ ಇರುವುದಿಲ್ಲ.

ಇಬ್ಬರು ಪರೀಕ್ಷಿಸಬೇಕೆಂಬ ನಿಯಮ ಬಹಳ ಕಡೆ ಕಾಗದದಲ್ಲಿದೆ. ‘10 ಮಿಲೀ ಅಲ್ವಾ ಅಕ್ಕ?’ ಎಂದು ಕೇಳಿದವರಿಗೆ ‘ಹೂಂ’ ಎಂದರೆ ಪರೀಕ್ಷೆ ಆಗಲಿಲ್ಲ. ಎರಡನೆಯವರು ಮೊದಲನೆಯವರ ಉತ್ತರ ಕೇಳದೆ ತಾವೇ ಆರ್ಡರ್ ಓದಿ ಲೆಕ್ಕ ಹಾಕಬೇಕು. ರಾತ್ರಿ ಇಡೀ ವಾರ್ಡಿಗೆ ಒಬ್ಬರನ್ನೇ ಬಿಟ್ಟು ಎರಡು ಸಹಿ ಕೇಳುವ ಆಡಳಿತ, ಸುಳ್ಳು ಸಹಿಯನ್ನೇ ಬೇಡಿದಂತೆ. ಔಷಧದಿಂದಾದ ತೊಂದರೆಯನ್ನು ನರ್ಸ್‌ಗಳೂ ಭಾರತೀಯ ಔಷಧ ಜಾಗರೂಕತಾ ಕಾರ್ಯಕ್ರಮದ 1800-180-3024ಕ್ಕೆ ತಿಳಿಸಬಹುದು. ವರದಿ ಮಾಡಿದವರಿಗೆ ಮೊದಲು ಬರುವುದು ನೋಟಿಸ್ ಎಂದಾದರೆ ಯಾರು ತಾನೇ ತಿಳಿಸಿಯಾರು?

ರೋಗಿಯ ಕಡೆಯವರಿಗೂ ಒಂದು ಮಾತು. ಬಾಟಲಿ ಬೇಗ ಮುಗಿಯಲೆಂದು ರೆಗ್ಯುಲೇಟರ್ ತಿರುಗಿಸಬೇಡಿ. ಹನಿ ನಿಂತರೆ ಸಿಸ್ಟರನ್ನು ಕರೆಯಿರಿ. ಔಷಧ ಬೆರೆಸಿದ ಬಾಟಲಿಯ ಮೇಲೆ ಔಷಧದ ಹೆಸರು, ಪ್ರಮಾಣ, ಸಮಯ ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ.

– ನರ್ಸಿಂಗ್ ಬೋಧಕರು, ದಾವಣಗೆರೆ