ಪಿಂಚಣಿಗೆ ಎರಡು ವರ್ಷ ಕಾದರೆ ಸಿಗುವುದೆಷ್ಟು?

ಮಾನ್ಯರೇ,

ಪಿಎಫ್‌ ಜತೆಗಿನ ನೌಕರರ ಪಿಂಚಣಿ ಯೋಜನೆಯ (ಇಪಿಎಸ್‌) ಪಿಂಚಣಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಬೇಕೆಂಬ ಮಾತು ಆಗಾಗ ಏಳುತ್ತದೆ. ಬೇಕಾದವರು 60ರವರೆಗೆ ಮುಂದೂಡುವ ಅವಕಾಶ ಈಗಲೂ ಇದೆ. ವರ್ಷಕ್ಕೆ ಶೇ 4ರಷ್ಟು ಹೆಚ್ಚಳ. ಲೆಕ್ಕ ಹಾಕಿ ನೋಡಿ. ಸರಾಸರಿ ವೇತನ ₹15,000, ಸೇವೆ 20 ವರ್ಷ. 58ಕ್ಕೆ ನಿವೃತ್ತರಾದರೆ 20 ವರ್ಷದ ಸೇವೆಗೆ ಸಿಗುವ ಎರಡು ವರ್ಷದ ಬೋನಸ್‌ ಸೇರಿ 22 ವರ್ಷ. ವೇತನವನ್ನು 22ರಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳಿಗೆ ₹4,714. ವಂತಿಗೆ ಕಟ್ಟದೆ ಎರಡು ವರ್ಷ ಕಾದರೆ ತಿಂಗಳಿಗೆ ಹೆಚ್ಚುವುದು ಸುಮಾರು ₹380. ಆ ಎರಡು ವರ್ಷ ಪಡೆಯದೆ ಕಳೆದುಕೊಂಡ ಪಿಂಚಣಿ ₹1.13 ಲಕ್ಷ. ಅದು ಭರ್ತಿಯಾಗಲು 24 ವರ್ಷಕ್ಕೂ ಹೆಚ್ಚು ಬೇಕು, ಅಂದರೆ ವಯಸ್ಸು 84 ದಾಟಬೇಕು! ಶಹಾಬಾದ್‌ನ ಕಲ್ಲು ಪಾಲಿಶ್‌ ಘಟಕ, ಕಲಬುರಗಿಯ ದಾಲ್‌ ಮಿಲ್ಲುಗಳಲ್ಲಿ ದೂಳು ಕುಡಿದು ದುಡಿದವರಿಗೆ ಇದು ಯಾವ ಸೀಮೆ ಲಾಭ?

ಇನ್ನೊಂದು ತೊಡಕು ಜನ್ಮ ದಿನಾಂಕ. ಶಾಲೆಯಲ್ಲಿ ಮಾಸ್ತರರು ಬರೆದ ಜೂನ್‌ 1 ಒಂದು ಕಡೆ, ಆಧಾರ್‌ನ ಜನವರಿ 1 ಮತ್ತೊಂದು ಕಡೆ. ಹೊಂದಾಣಿಕೆ ಇಲ್ಲದಿದ್ದರೆ ಪಿಂಚಣಿ ಕೋರುವ 10–ಡಿ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೊದಲು ಆಧಾರ್‌ ಸರಿಪಡಿಸಿ, ಆಮೇಲೆ ಪಿಎಫ್‌ ದಾಖಲೆ ತಿದ್ದಲು, ಅಗತ್ಯವಿದ್ದರೆ ಮಾಲೀಕರ ಮೂಲಕ, ಜಂಟಿ ಘೋಷಣೆ ಸಲ್ಲಿಸಬೇಕು. ಇದು ನಿವೃತ್ತಿಗೆ ವರ್ಷ ಮುಂಚೆಯೇ ಮುಗಿದಿರಲಿ. ಕಾರ್ಖಾನೆ ಮುಚ್ಚಿದ ಮೇಲೆ ಮಾಲೀಕರ ಸಹಿ ಸಿಗುವುದು ಕಷ್ಟ.

ವಯಸ್ಸಿನ ಮಾತು ಆಮೇಲಾಗಲಿ. 2014ರಲ್ಲಿ ನಿಗದಿಯಾದ ₹1,000 ಕನಿಷ್ಠ ಪಿಂಚಣಿಯನ್ನು ಮೊದಲು ಏರಿಸಲಿ.

–ಪಿಎಫ್‌ ಚಂದಾದಾರರು, ಸೇಡಂ