ಮೆಂಬ್ರೇನ್ ಉಳಿಸಿಕೊಟ್ಟವರಿಗೆ

ನಮ್ಮ ನೀರು ಶುದ್ಧೀಕರಣದ ಆರ್‌ಒ ಘಟಕದ ಮೆಂಬ್ರೇನ್‌ಗಳಿಗೆ, ಅಂದರೆ ನೀರಿನಿಂದ ಉಪ್ಪು ಸೋಸುವ ಪೊರೆಗಳಿಗೆ, ಇವತ್ತಿಗೆ ಎರಡು ವರ್ಷ ತುಂಬಿತು. ಇದರ ಹಿಂದಿನ ಸೆಟ್ ಏಳೇ ತಿಂಗಳಿಗೆ ಕೈಕೊಟ್ಟಿತ್ತು. ಆಗ ಜೊತೆಗೆ ನಿಂತವರಿಗೆ ನಾನು ಸರಿಯಾಗಿ ಥ್ಯಾಂಕ್ಸ್ ಹೇಳಲೇ ಇಲ್ಲ.

ಮೊದಲು ರಾತ್ರಿ ಪಾಳಿಯ ಆಪರೇಟರ್ ಅಣ್ಣನಿಗೆ. ನಾನು ದಿನಾ ನೋಡುತ್ತಿದ್ದದ್ದು ಹೊರಬರುವ ನೀರಿನ ಟಿಡಿಎಸ್ (ಕರಗಿರುವ ಲವಣಾಂಶ) ಮಾತ್ರ. ಅದು ಚೆನ್ನಾಗೇ ಇತ್ತು. ನೀವು ಪ್ರತಿ ಪಾಳಿಯಲ್ಲೂ ಎರಡೂ ಹಂತಗಳ ಒತ್ತಡ ಬರೆದು, ಒಳಗೂ ಹೊರಗೂ ಎಷ್ಟು ವ್ಯತ್ಯಾಸ ಅಂತ ಪಕ್ಕದಲ್ಲಿ ಪೆನ್ಸಿಲ್‌ನಿಂದ ಲೆಕ್ಕ ಹಾಕಿಡುತ್ತಿದ್ದಿರಿ. ಯಾರೂ ಕೇಳಿರಲಿಲ್ಲ. ಸೆಟ್ ಹೋದ ಮೇಲೆ ಲಾಗ್‌ಬುಕ್ ತಿರುವಿದಾಗ ನನಗೆ ಗೊತ್ತಾಯಿತು: ಮೊದಲ ಹಂತದಲ್ಲಿ ಆ ವ್ಯತ್ಯಾಸ ತಿಂಗಳುಗಳ ಹಿಂದೆಯೇ ಏರತೊಡಗಿತ್ತು, ಅಂದರೆ ಒಳಗೆ ನೀರಿನ ದಾರಿ ಕಟ್ಟಿಕೊಳ್ಳುತ್ತಿತ್ತು. ಎರಡನೇ ಹಂತದಲ್ಲಿ ಏರಿರಲಿಲ್ಲ. ಉಪ್ಪು ಕಟ್ಟಿದ್ದರೆ ಸಾಮಾನ್ಯವಾಗಿ ಕೊನೆಯ ಮೆಂಬ್ರೇನ್‌ಗಳಲ್ಲಿ ಮೊದಲು ಕಾಣಬೇಕು. ಬಯೋಫಿಲ್ಮ್, ಅಂದರೆ ಬ್ಯಾಕ್ಟೀರಿಯಾಗಳು ಅಂಟಿಕೊಂಡು ಕಟ್ಟುವ ಲೋಳೆ ಪದರ, ಮಾತ್ರ ನೀರು ಮೊದಲು ಒಳಬರುವ ಮೆಂಬ್ರೇನ್‌ಗಳಿಂದಲೇ ಶುರುವಾಗುತ್ತದೆ. ಬ್ಯಾಕ್ಟೀರಿಯಾಗಳಿಗೆ ಆಹಾರ ಮೊದಲು ಸಿಗುವುದು ಅಲ್ಲೇ ಅಲ್ವಾ?

ಲ್ಯಾಬ್ ಮೇಡಂ, ನಿಮಗೂ. ನೀರಿನ ಸ್ಯಾಂಪಲ್‌ನಲ್ಲಿ ಬ್ಯಾಕ್ಟೀರಿಯಾ ಕಡಿಮೆ ಇದೆ ಎಂದು ನಾನು ವಾದ ಮಾಡುತ್ತಲೇ ಇದ್ದೆ. ನೀವು ಸಿಟ್ಟಾಗಲಿಲ್ಲ. ಹಳೆಯ ಮೆಂಬ್ರೇನ್ ಒಂದನ್ನು ಕೊಯ್ಯಿಸಿ, ಒಳಗೆ ಪೊರೆಗಳ ನಡುವೆ ಇರುವ ಬಲೆಯನ್ನು ಮುಟ್ಟಿ ನೋಡು ಅಂದಿರಿ. ಬೆರಳಿಗೆ ಬರೀ ಲೋಳೆ. "ಇವು ತೇಲುತ್ತಾ ಇರಲ್ಲ, ಅಂಟಿಕೊಂಡು ಬದುಕ್ತವೆ" ಅಂದಿರಿ. ಆ ಲೋಳೆಯಲ್ಲೇ ಎಟಿಪಿ (ಜೀವಕೋಶಗಳಿಗೆ ಶಕ್ತಿ ಕೊಡುವ ಅಣು) ಅಳೆದು ತೋರಿಸಿದಿರಿ. ಮಿಂಚುಹುಳದಲ್ಲಿರುವ ಕಿಣ್ವ ಸೇರಿಸಿದರೆ ಜೀವಕೋಶಗಳ ಎಟಿಪಿಯಿಂದ ಬೆಳಕು ಹುಟ್ಟುತ್ತದೆ, ಬೆಳಕು ಜಾಸ್ತಿಯಾದಷ್ಟೂ ಜೀವ ಜಾಸ್ತಿ. ಮೀಟರಿನ ಅಂಕಿ ನೋಡಿ ನಾನು ಸುಮ್ಮನಾದೆ.

ನಮ್ಮಲ್ಲಿರುವ ಪಾಲಿಅಮೈಡ್ ಎಂಬ ವಸ್ತುವಿನ ಮೆಂಬ್ರೇನ್ ಕ್ಲೋರಿನ್ ತಡೆದುಕೊಳ್ಳುವುದಿಲ್ಲ, ಹಾಳಾಗುತ್ತದೆ. ಹಾಗಾಗಿ ಮೊದಲೇ ಕ್ಲೋರಿನ್ ತೆಗೆದು ನೀರು ಬಿಡುತ್ತೇವೆ. ಅಲ್ಲಿಂದ ಮುಂದೆ ಕಾವಲಿಗೆ ಕ್ಲೋರಿನ್ ಇಲ್ಲ, ಇರುವುದು ನಮ್ಮ ಕಣ್ಣು ಮಾತ್ರ. ನೀವಿಬ್ಬರೂ ಕಲಿಸಿದ್ದು ಇದನ್ನೇ.

ನಮ್ಮ ಮ್ಯಾನೇಜರ್ ಸರ್‌ಗೂ ಋಣಿ. ಹರಿವು, ತಾಪಮಾನ ಎಲ್ಲ ಸರಿಹೊಂದಿಸಿ ನೋಡಿದ ಮೇಲೆ ಒತ್ತಡದ ವ್ಯತ್ಯಾಸ ಶೇ. 10ರಿಂದ 15ರಷ್ಟು ಏರಿದರೆ ಕ್ಲೀನಿಂಗ್ ಮಾಡಲೇಬೇಕು. ನೀರಿಗೆ ಬೇಡಿಕೆ ಜಾಸ್ತಿ ಇದ್ದ ದಿನಗಳಲ್ಲೂ ನೀವು ಘಟಕ ನಿಲ್ಲಿಸಲು ಒಪ್ಪಿದಿರಿ. ಮೊದಲು ಕ್ಷಾರ, ಆಮೇಲೆ ಆಮ್ಲ ಎಂಬ ಕ್ರಮವನ್ನು ಅವಸರದಲ್ಲೂ ತಪ್ಪಿಸಲು ಬಿಡಲಿಲ್ಲ.

ಅಣ್ಣ, ನಿಮ್ಮ ಪೆನ್ಸಿಲ್ ಕಾಲಂ ಈಗ ಲಾಗ್‌ಬುಕ್‌ನಲ್ಲಿ ಅಚ್ಚಾಗಿಯೇ ಬರುತ್ತಿದೆ. ಹೊಸ ಸೆಟ್ ಹಾಕಿದ ದಿನ ಅಲ್ಲಿ 1.5 ಬಾರ್ ಇತ್ತು. ನಿನ್ನೆ ರಾತ್ರಿ ನಿಮ್ಮ ಕೈಬರಹದಲ್ಲಿ 1.6 ಕಂಡೆ.